ಕರುಳು ಒಡೆದಾಗ: ಹೊಲಿಗೆಯೋ, ಕತ್ತರಿಯೋ, ಬ್ಯಾಗೋ?

ಬೈಕಿನ ಹ್ಯಾಂಡಲ್ ಹೊಟ್ಟೆಗೆ ಬಲವಾಗಿ ತಗುಲಿದರೆ ಹೊರಗೆ ಒಂದು ಕಂದಿದ ಗುರುತಷ್ಟೇ ಇರಬಹುದು. ಒಳಗೆ ಬೆನ್ನುಮೂಳೆಗೆ ಒತ್ತಿಕೊಂಡ ಸಣ್ಣ ಕರುಳು ಒಡೆದಿರಬಹುದು. ಮೊದಲ ಸಿ.ಟಿ. ಸ್ಕ್ಯಾನ್‌ನಲ್ಲೂ ಇದು ಕಣ್ಣು ತಪ್ಪಿಸುವುದುಂಟು. ಲಿವರ್, ಸ್ಪ್ಲೀನ್ (ಗುಲ್ಮ) ಸರಿಯಿದ್ದೂ ಹೊಟ್ಟೆಯಲ್ಲಿ ದ್ರವ ಕಂಡರೆ ಕರುಳಿನ ಮೇಲೇ ಅನುಮಾನ ಪಡಬೇಕು. ನಾಡಿ ಏರುತ್ತಿದೆಯೇ, ಹೊಟ್ಟೆ ಬಿಗಿಯುತ್ತಿದೆಯೇ ಎಂದು ಮತ್ತೆ ಮತ್ತೆ ನೋಡುತ್ತಿರಬೇಕು. ಎಂಟು ಗಂಟೆಯ ವಿಳಂಬವೂ ಜೀವಕ್ಕೆ ಕುತ್ತು ತರಬಲ್ಲದು.

ಹೊಟ್ಟೆ ತೆರೆದ ಮೇಲೆ ಮೊದಲು ರಕ್ತಸ್ರಾವ ನಿಲ್ಲಬೇಕು, ಆಮೇಲೆ ಮಲದ ಸೋರಿಕೆ. ನಂತರ ಸಣ್ಣ ಕರುಳನ್ನು ಆರಂಭದಿಂದ ಕೊನೆಯವರೆಗೆ ಗೇಣು ಗೇಣಾಗಿ, ಎರಡೂ ಬದಿ ತಿರುಗಿಸಿ ನೋಡುತ್ತಾರೆ. ಕರುಳಿಗೆ ರಕ್ತ ಒಯ್ಯುವ ಪೊರೆ, ಅಂದರೆ ಮೆಸೆಂಟರಿ, ಕಿತ್ತು ಬಂದಿದ್ದರೆ ಆ ಭಾಗ ಆ ಹೊತ್ತಿಗೆ ಚೆನ್ನಾಗಿಯೇ ಕಂಡು, ಎರಡು ದಿನದ ಮೇಲೆ ಕೊಳೆತು ತೂತಾಗಬಹುದು.

ತೂತು ಕರುಳಿನ ಸುತ್ತಳತೆಯ ಅರ್ಧಕ್ಕಿಂತ ಕಡಿಮೆಯಿದ್ದು, ಅಂಚಿನಲ್ಲಿ ರಕ್ತ ಜಿನುಗುತ್ತಿದ್ದರೆ ಹೊಲಿಗೆ ಸಾಕು. ಸತ್ತ ಅಂಚನ್ನು ಕತ್ತರಿಸಿ ಅಡ್ಡಲಾಗಿ ಹೊಲಿಯಬೇಕು. ಉದ್ದಕ್ಕೆ ಹೊಲಿದರೆ ದಾರಿ ಕಿರಿದಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಹರಿದಿದ್ದರೆ, ತೂತುಗಳು ಒತ್ತೊತ್ತಾಗಿದ್ದರೆ ಅಥವಾ ರಕ್ತಸಂಚಾರ ನಿಂತಿದ್ದರೆ ಆ ತುಂಡನ್ನೇ ತೆಗೆದು ತುದಿಗಳನ್ನು ಜೋಡಿಸುತ್ತಾರೆ.

ಆದರೆ ನನ್ನ ಮಟ್ಟಿಗೆ ತೂತಿನ ಅಳತೆಗಿಂತ ರೋಗಿಯ ಸ್ಥಿತಿಯೇ ದೊಡ್ಡದು. ಮೈ 35 ಡಿಗ್ರಿಗಿಂತ ತಣ್ಣಗಾಗಿ, ರಕ್ತದಲ್ಲಿ ಆಮ್ಲ ಹೆಚ್ಚಿ ಪಿಎಚ್ 7.2ಕ್ಕಿಂತ ಇಳಿದು, ರಕ್ತ ಹೆಪ್ಪುಗಟ್ಟದೇ ಹೋಗುತ್ತಿದ್ದರೆ ಜೋಡಣೆಗೆ ಕೈ ಹಾಕಲೇಬಾರದು. ತುದಿಗಳನ್ನು ಸ್ಟೇಪ್ಲರ್‌ನಿಂದ ಮುಚ್ಚಿ, ಹೊಟ್ಟೆಗೆ ತಾತ್ಕಾಲಿಕ ಹೊದಿಕೆ ಹಾಕಿ ಐಸಿಯುಗೆ ಕಳಿಸಬೇಕು. ರೋಗಿ ಸುಧಾರಿಸಿದರೆ ಸಾಮಾನ್ಯವಾಗಿ 24ರಿಂದ 48 ಗಂಟೆಯೊಳಗೆ ಮತ್ತೆ ಓ.ಟಿ.ಗೆ. "ಆಪರೇಷನ್ ಅರ್ಧಕ್ಕೇ ಬಿಟ್ಟರು" ಎಂದು ಮನೆಯವರು ಕಂಗಾಲಾಗುತ್ತಾರೆ. ಜೀವ ಉಳಿಸಲೆಂದೇ ಹಾಗೆ ಬಿಡುವುದು ಎಂದು ಮೊದಲೇ ಕೂರಿಸಿ ಹೇಳಬೇಕು.

ದೊಡ್ಡ ಕರುಳಿನ ಸಣ್ಣ ಗಾಯಕ್ಕೆ ಈಗ ನೇರ ಹೊಲಿಗೆಯೇ ವಾಡಿಕೆ. ತುಂಡು ತೆಗೆಯಬೇಕಾಗಿ ಬಂದು, ಜೊತೆಗೆ ಶಾಕ್ (ರಕ್ತಸಂಚಾರ ಕುಸಿದ ಸ್ಥಿತಿ), ಹಲವು ಯೂನಿಟ್ ರಕ್ತ ಕೊಡಬೇಕಾದ ಪರಿಸ್ಥಿತಿ, ತಡವಾದ್ದರಿಂದ ಹರಡಿದ ಸೋಂಕು ಇದ್ದರೆ ಕೊಲೊಸ್ಟಮಿ, ಅಂದರೆ ದೊಡ್ಡ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದು ಮಲ ಬ್ಯಾಗಿಗೆ ಬೀಳುವಂತೆ ಮಾಡುವುದು, ಸುರಕ್ಷಿತ. ಬ್ಯಾಗ್ ಎಂದರೆ ಜನ ಹೆದರುತ್ತಾರೆ, ಆದರೆ ಇಂಥ ಗಾಯಗಳಲ್ಲಿ ಹೆಚ್ಚಾಗಿ ಅದು ಕೆಲವು ತಿಂಗಳ ಮಾತು.

ಜೋಡಿಸಿದ ಕಡೆ ಸೋರುವುದಾದರೆ ಸಾಮಾನ್ಯವಾಗಿ ಐದರಿಂದ ಏಳನೇ ದಿನದ ಸುಮಾರಿಗೆ. ಜ್ವರಕ್ಕೂ ಮೊದಲು ನಾಡಿಯೇ ಓಡತೊಡಗಬಹುದು. ಆಗ ನೋವಿನ ಇಂಜೆಕ್ಷನ್ ಕೊಟ್ಟು ಕಾಯದೆ ಸ್ಕ್ಯಾನ್ ಮಾಡಿಸಬೇಕು.