ಏವ್‌ಬರಿಯ ಕಲ್ಲುಗಳ ನಡುವೆ ಒಂದು ಹೊಲಿದ ಪುಸ್ತಕ

ಇಂಗ್ಲೆಂಡಿನ ಪುರಾತನ ಕಲ್ಲುವೃತ್ತದ ಊರಾದ ಏವ್‌ಬರಿಗೆ ಹೊರಡುವ ಹಿಂದಿನ ರಾತ್ರಿ ಮಾಡಬೇಕಾದ ಮೊದಲ ಕೆಲಸ ಪುಸ್ತಕ ಹೊಲಿಯುವುದು. ಅಂಗಡಿಯ ನೋಟ್‌ಬುಕ್ ಬರೆಯುವುದಕ್ಕೇನೋ ಸಾಕು. ಎಲೆ, ಗರಿ, ಉಣ್ಣೆಯ ಎಳೆ ಅಂಟಿಸಹೊರಟರೆ ಅದು ಬಾಯಿ ಕಳೆದುಕೊಂಡು ನಿಲ್ಲುತ್ತದೆ; ಇನ್ನೆರಡು ಎಲೆ ಸೇರಿದರೆ ಬೆನ್ನು ಬಿರಿಯುತ್ತದೆ. ಇಂಗ್ಲೆಂಡಿನ ಇಂದಿನ ಪೇಗನ್ನರ, ಎಂದರೆ ಕ್ರೈಸ್ತಪೂರ್ವ ಕಾಲದ ಪ್ರಕೃತಿಪೂಜೆಯನ್ನು ಹೊಸದಾಗಿ ಆಚರಿಸುವವರ, ಮನೆಗಳಲ್ಲಿ ಋತುವಿಗೊಂದರಂತೆ ತೆಳುವಾದ ಕೈಹೊಲಿಗೆಯ ಪುಸ್ತಕ ಕಾಣುವುದಕ್ಕೆ ಭಕ್ತಿಯಷ್ಟೇ ಈ ತೊಂದರೆಯೂ ಕಾರಣ.

ಪೇಗನ್ ಎಂದೊಡನೆ ಮಾಟಮಂತ್ರ ನೆನಪಾಗುವವರಿಗೆ ಎರಡು ಮಾತು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74 ಸಾವಿರ ಜನ ತಮ್ಮ ಧರ್ಮ ಪೇಗನ್ ಎಂದು ಬರೆಸಿದ್ದಾರೆ. ವಿಕ್ಕ ಎಂಬ ಹೊಸ ಪಂಥದ ವಿಕ್ಕನ್ನರು, ಪ್ರಾಚೀನ ಕೆಲ್ಟ್ ಪುರೋಹಿತರ ಹೆಸರಿಟ್ಟುಕೊಂಡ ಡ್ರೂಯಿಡರು, ಯಾವ ಪಂಗಡದ ಹಂಗೂ ಬೇಡವೆಂದು ತಮ್ಮ ಪಾಡಿಗೆ ಋತು ಆಚರಿಸುವವರು, ಹೀಗೆ ಅವರಲ್ಲಿ ಬಗೆಬಗೆಯವರಿದ್ದಾರೆ. 1950ರ ದಶಕದಲ್ಲಿ ಜೆರಾಲ್ಡ್ ಗಾರ್ಡ್ನರ್ ವಿಕ್ಕವನ್ನು ಬಹಿರಂಗಕ್ಕೆ ತಂದಾಗ, ದೀಕ್ಷೆ ಪಡೆದವರು ಗುರುವಿನ ಆಚರಣೆಗಳ ಪುಸ್ತಕವನ್ನು ತಮ್ಮ ಕೈಯಲ್ಲೇ ನಕಲು ಮಾಡಿಕೊಳ್ಳುವ ಪದ್ಧತಿಯೂ ಜೊತೆಗೆ ಬಂತು. ಅಲ್ಲಿಂದ ಪುಸ್ತಕ ಕಟ್ಟುವ ಗೀಳು ಇವರಲ್ಲಿ ಉಳಿದುಕೊಂಡಿದೆ. ವರ್ಷದ ಎಂಟು ಹಬ್ಬಗಳ ಚಕ್ರವನ್ನು ಕೂಡಿಸಿದವರು ಗಾರ್ಡ್ನರ್ ಮತ್ತು ಅವರ ಗೆಳೆಯ ರಾಸ್ ನಿಕೋಲ್ಸ್. ಬಿಡಿಬಿಡಿ ಹಬ್ಬಗಳು ಹಳೆಯವು. ಎಂಟನ್ನೂ ಒಂದೇ ಸರಕ್ಕೆ ಪೋಣಿಸಿದ್ದು ಕಳೆದ ಶತಮಾನದಲ್ಲಿ. ಈ ಚರಿತ್ರೆಯನ್ನು ಸಾವಕಾಶವಾಗಿ ಬಿಡಿಸಿಟ್ಟ ಇತಿಹಾಸಕಾರ ರೊನಾಲ್ಡ್ ಹಟ್ಟನ್ ಹುಟ್ಟಿದ್ದು ನಮ್ಮ ಪಕ್ಕದ ಊಟಿಯಲ್ಲಿ, 1953ರಲ್ಲಿ.

ಇನ್ನು ಹೊಲಿಗೆ. ಒಂದು ದಿನದ ನಡಿಗೆಗೆ ಆರು ಹಾಳೆ ಧಾರಾಳ. 120ರಿಂದ 150 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಕಾಗದವನ್ನು ಎ4 ಅಳತೆಯಲ್ಲಿ ತೆಗೆದುಕೊಂಡು ಅರ್ಧಕ್ಕೆ ಮಡಿಸಿದರೆ 24 ಪುಟ. ಎಡವುವುದು ಇಲ್ಲಿಯೇ. ಕಾಗದದ ನಾರು ಒಂದೇ ದಿಕ್ಕಿಗೆ ಓಡಿರುತ್ತದೆ; ಮಡಿಕೆ ಆ ದಿಕ್ಕಿಗೇ ಇರಬೇಕು. ಸಾಮಾನ್ಯ ಎ4 ಹಾಳೆಯಲ್ಲಿ ನಾರು ಉದ್ದಕ್ಕೆ ಓಡುವುದರಿಂದ ಅರ್ಧಕ್ಕೆ ಮಡಿಸಿದಾಗ ನಾರು ಮುರಿಯುತ್ತದೆ, ಪುಟ ಮಲಗದೆ ಸೆಟೆದು ನಿಲ್ಲುತ್ತದೆ, ಅಂಟು ತಾಗಿದರೆ ಅಲೆಅಲೆಯಾಗುತ್ತದೆ. ಉಪಾಯ ಸುಲಭ. ನಾರು ಉದ್ದಕ್ಕೆ ಓಡುವ ಎ3 ಹಾಳೆ ತಂದು ಎರಡು ತುಂಡು ಮಾಡಿದರೆ ಸಿಗುವ ಎ4ನಲ್ಲಿ ನಾರು ಅಡ್ಡಕ್ಕೆ ಬಂದಿರುತ್ತದೆ. ಸಂಶಯವಿದ್ದರೆ ಹಾಳೆಯನ್ನು ಮಡಿಸದೆ ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಕಡೆಗೇ ಮಡಿಕೆ.

ಹಾಳೆಗಳ ನಡುವೆ 4 ಸೆಂ.ಮೀ. ಅಗಲ, 21 ಸೆಂ.ಮೀ. ಉದ್ದದ ಮೂರು ಪಟ್ಟಿಗಳನ್ನು ಉದ್ದಕ್ಕೆ ಮಡಿಸಿ ಸೇರಿಸಬೇಕು. ಹೊಲಿದ ಮೇಲೆ ಇವು ಬೆನ್ನಿನ ಬಳಿ 2 ಸೆಂ.ಮೀ. ಅಗಲದ ಮೋಟುಗಳಾಗಿ ನಿಲ್ಲುತ್ತವೆ. ಮುಂದೆ ಎಲೆ ಅಂಟಿಸಿದಾಗ ಪುಟದ ಕಡೆ ಎಷ್ಟು ದಪ್ಪ ಏರುತ್ತದೋ ಅಷ್ಟನ್ನು ಬೆನ್ನಿನ ಕಡೆ ಈ ಮೋಟುಗಳು ಸರಿದೂಗಿಸುತ್ತವೆ. ಪುಸ್ತಕ ಬಾಯಿ ಕಳೆಯದಿರಲು ಇಷ್ಟು ಸಾಕು. ಆದರೂ ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ.

ಹೊದಿಕೆಗೆ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಹಳೆಯ ನಕ್ಷೆ ಚೆನ್ನ. ಈ ಪ್ರದೇಶದ್ದು ಎಕ್ಸ್‌ಪ್ಲೋರರ್ 157, ಅಳತೆ 1:25,000, ಎಂದರೆ ಒಂದು ಕಿಲೋಮೀಟರಿಗೆ 4 ಸೆಂ.ಮೀ. ಹರಿದ ನಕ್ಷೆಯ ಹಿಂಬದಿಗೆ ದಪ್ಪ ಕಾಗದ ಅಂಟಿಸಿದರೆ ರಟ್ಟು ಬೇಡ. ಎಲ್ಲವನ್ನೂ ಒಂದರೊಳಗೊಂದು ಇಟ್ಟು ಮಡಿಕೆಯ ಗೆರೆಯಲ್ಲಿ ಮೂರು ತೂತು ಚುಚ್ಚಿ: ನಡುವೆ ಒಂದು, ಮೇಲಿನ ಮತ್ತು ಕೆಳಗಿನ ತುದಿಯಿಂದ 3 ಸೆಂ.ಮೀ. ಬಿಟ್ಟು ಒಂದೊಂದು. ಜೇನುಮೇಣ ಸವರಿದ ನಾರಗಸೆ ದಾರ 60 ಸೆಂ.ಮೀ. ಬೇಕು. ಒಳಗಿನಿಂದ ನಡುತೂತಿನಲ್ಲಿ ಹೊರಗೆ ಬಂದು, ಮೇಲಿನದರಲ್ಲಿ ಒಳಗೆ ಹೋಗಿ, ನಡುವಿನದನ್ನು ದಾಟಿ ಕೆಳಗಿನದರಲ್ಲಿ ಹೊರಗೆ ಬಂದು, ಮತ್ತೆ ನಡುತೂತಿನಲ್ಲಿ ಒಳಗೆ. ದಾರದ ಎರಡು ತುದಿಗಳು ಒಳಗಿನ ಉದ್ದ ಹೊಲಿಗೆಯ ಆಚೆಯೊಂದು ಈಚೆಯೊಂದು ಇರುವಂತೆ ನೋಡಿಕೊಂಡು ಗಂಟು ಹಾಕಿ. ಎಳೆಯುವಾಗ ಬೆನ್ನಿನ ಉದ್ದಕ್ಕೇ ಎಳೆಯಬೇಕು. ಪುಟದ ಕಡೆಗೆ ಎಳೆದರೆ ತೂತು ಸೀಳುತ್ತದೆ.

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಸ್ವಿಂಡನ್‌ಗೆ ರೈಲಿನಲ್ಲಿ ಒಂದು ಗಂಟೆ. ಅಲ್ಲಿನ ಬಸ್ ನಿಲ್ದಾಣದಿಂದ ಡಿವೈಝಸ್ ಕಡೆಗೆ ಹೋಗುವ 49ನೇ ನಂಬರಿನ ಬಸ್ಸು ನೇರ ಏವ್‌ಬರಿಯ ನಡುವಿಗೇ, ರೆಡ್ ಲಯನ್ ಪಬ್ಬಿನ ಎದುರಿಗೆ ಇಳಿಸುತ್ತದೆ. ಕಲ್ಲಿನ ವೃತ್ತದೊಳಗೇ ಊರಿದೆ. ಸ್ಟೋನ್‌ಹೆಂಜಿನ ಹಾಗೆ ಇಲ್ಲಿ ಹಗ್ಗವಿಲ್ಲ, ಟಿಕೆಟ್ಟಿಲ್ಲ. ಕಲ್ಲನ್ನು ಮುಟ್ಟಬಹುದು, ಒರಗಬಹುದು. ಕುರಿಗಳೂ ಒರಗುತ್ತವೆ, ಆದ್ದರಿಂದ ಕೂರುವ ಮುಂಚೆ ಹುಲ್ಲು ನೋಡಿಕೊಳ್ಳಿ. ನೆಲವೆಲ್ಲ ಸೀಮೆಸುಣ್ಣದ ಕಲ್ಲು. ಮಳೆ ಬಿದ್ದರೆ ವೃತ್ತದ ಸುತ್ತಲಿನ ದಿಬ್ಬದ ಮೇಲಿನ ಕಾಲುಹಾದಿ ಎಣ್ಣೆ ಸವರಿದಂತಿರುತ್ತದೆ, ಹಿಡಿತವಿರುವ ಬೂಟು ಬೇಕೇಬೇಕು.

ಹೊರ ವೃತ್ತದ ವ್ಯಾಸ 330 ಮೀಟರಿನ ಆಸುಪಾಸು. ಮೊದಲಿಗೆ ಸುಮಾರು ನೂರು ಕಲ್ಲುಗಳಿದ್ದುವು. ಸುತ್ತಲಿನ ಕಂದಕ ಆಗ 9 ಮೀಟರಿನಷ್ಟು ಆಳ. ಅದನ್ನು ತೋಡಿದ್ದು ಜಿಂಕೆಯ ಕೊಂಬಿನಿಂದ, ನಾಲ್ಕೂವರೆ ಸಾವಿರ ವರ್ಷಕ್ಕೂ ಹಿಂದೆ. ಈಗ ಕಾಣುವ ಎಷ್ಟೋ ಕಲ್ಲುಗಳನ್ನು ಎಬ್ಬಿಸಿ ನಿಲ್ಲಿಸಿದವರು ಪುರಾತತ್ವಜ್ಞ ಅಲೆಕ್ಸಾಂಡರ್ ಕೀಲರ್, 1930ರ ದಶಕದಲ್ಲಿ, ಮನೆತನದ ಮಾರ್ಮಲೇಡ್ (ಕಿತ್ತಳೆ ಜಾಮ್) ವ್ಯಾಪಾರದ ದುಡ್ಡಿನಲ್ಲಿ. ಕಲ್ಲು ಕಾಣೆಯಾದ ಜಾಗಗಳಲ್ಲಿ ಕಾಂಕ್ರೀಟಿನ ಮೋಟುಗಂಬ ನೆಟ್ಟಿದ್ದಾರೆ. ಕಾಣೆಯಾದದ್ದು ಹೇಗೆ ಎಂಬುದನ್ನು 18ನೇ ಶತಮಾನದಲ್ಲಿ ಪುರಾತನ ವಸ್ತುಗಳ ಅಧ್ಯಯನಿ ವಿಲಿಯಂ ಸ್ಟೂಕ್ಲಿ ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ: ಊರಿನವರು ಕಲ್ಲನ್ನು ಗುಂಡಿಗೆ ಕೆಡವಿ, ಹುಲ್ಲು ಸೌದೆ ಒಟ್ಟಿ ಕಾಯಿಸಿ, ತಣ್ಣೀರು ಸುರಿದು, ಸುತ್ತಿಗೆಯಲ್ಲಿ ಒಡೆದು ಮನೆ ಕಟ್ಟಿಕೊಂಡರು.

ಈ ಸಂಗತಿ ಗೊತ್ತಿದ್ದೂ ಕಲ್ಲಿನ ಬುಡದಲ್ಲಿ ಪುಟ್ಟ ಮೇಣದ ದೀಪ ಹಚ್ಚುವವರನ್ನು ಏನೆನ್ನಬೇಕೋ. ಇಲ್ಲಿ ನಿಲ್ಲಿಸಿರುವ ಸಾರ್ಸೆನ್ ಎಂಬ ಮರಳುಗಲ್ಲು ಗಟ್ಟಿ, ಆದರೆ ಒಂದೇ ಜಾಗ ಕಾದರೆ ಚಕ್ಕೆ ಏಳುತ್ತದೆ. ಮಸಿಯೂ ಮೇಣವೂ ಕಲ್ಲಿನೊಳಗೆ ಇಳಿದರೆ ಹೋಗುವುದಿಲ್ಲ. ಕಾಗದ ಇಟ್ಟು ಕ್ರೇಯಾನ್ ಉಜ್ಜಿ ಕಲ್ಲಿನ ಮೈಯನ್ನು ಪುಸ್ತಕಕ್ಕೆ ಇಳಿಸಿಕೊಳ್ಳುವುದೂ ಬೇಡ. ಮೇಲಿರುವ ಕಲ್ಲುಹೂವು ಅಂಗೈಯಗಲ ಬೆಳೆಯಲು ದಶಕಗಳೇ ಬೇಕು, ಒಂದು ಉಜ್ಜಿಗೆ ಉದುರುತ್ತದೆ. ಇದ್ದಿಲು ಕಡ್ಡಿಯಲ್ಲಿ ಚಿತ್ರ ಬರೆಯಿರಿ. ಉತ್ತರದ ದಾರಿಯ ಪಕ್ಕದ ಸ್ವಿಂಡನ್ ಕಲ್ಲು ಇದಕ್ಕೆ ಹೇಳಿ ಮಾಡಿಸಿದ್ದು. ಸುಮಾರು 60 ಟನ್ ತೂಕದ, ಒಮ್ಮೆಯೂ ಬೀಳದೆ ನಿಂತ ಕಲ್ಲು. ಹೊರಗೆ ಅಕ್ಷರ ಬರೆಯಲು ಪೆನ್ಸಿಲ್ಲೇ ವಾಸಿ, 2ಬಿ ಆದರೆ ಒಳ್ಳೆಯದು. ತುಂತುರು ಬಿದ್ದರೆ ಶಾಯಿ ಹರಡುತ್ತದೆ. ಪುಟದ ತಲೆಯಲ್ಲಿ ತಾರೀಖು, ಚಂದ್ರನ ಪಕ್ಷ, ಗಾಳಿಯ ದಿಕ್ಕು, ನಕ್ಷೆಯ ಅಂಕಿ. ಏವ್‌ಬರಿಯದ್ದು ಎಸ್‌ಯು 103 700.

ಸೆಪ್ಟೆಂಬರಿನ ವಿಷುವ ಹಬ್ಬಕ್ಕೆ, ಹೆಚ್ಚಾಗಿ ಹತ್ತಿರದ ಶನಿವಾರ ಅಥವಾ ಭಾನುವಾರ, ಡ್ರೂಯಿಡರು ಇಲ್ಲಿ ಸೇರುತ್ತಾರೆ. ನಾಲ್ಕು ದಿಕ್ಕುಗಳನ್ನು ಕರೆದು, ‘ಆವೆನ್’ (ವೆಲ್ಷ್ ಭಾಷೆಯಲ್ಲಿ ಸ್ಫೂರ್ತಿ) ಎಂದು ದನಿ ಎಳೆದು ಮೂರು ಸಲ ಹಾಡಿ, ಬ್ರೆಡ್ಡನ್ನೂ ಜೇನಿನ ಮದ್ಯವನ್ನೂ ಕೈಯಿಂದ ಕೈಗೆ ದಾಟಿಸುತ್ತಾರೆ. ನೋಡಲು ಬಂದವರನ್ನೂ ಕರೆಯುವುದುಂಟು. ಫೋಟೊ ಮಾತ್ರ ಕೇಳಿಯೇ ತೆಗೆಯಬೇಕು. ಮನೆಯವರಿಗೆ, ಕಚೇರಿಗೆ ಹೇಳದೆ ಬಂದವರು ಆ ಗುಂಪಿನಲ್ಲಿ ಇರುತ್ತಾರೆ.

ಪೂರ್ವದ ದಿಬ್ಬದ ಮೇಲೆ ಬೇರುಗಳೆಲ್ಲ ನೆಲದ ಮೇಲೆ ಹೆಣೆದುಕೊಂಡಿರುವ ಬೀಚ್ ಮರಗಳಿವೆ. ಕೊಂಬೆಗಳ ತುಂಬ ರಿಬ್ಬನ್ನು. ದೇವಸ್ಥಾನದ ಮರಕ್ಕೆ ಹರಕೆಯ ತೊಟ್ಟಿಲು ಕಟ್ಟುವುದನ್ನು ಕಂಡವರಿಗೆ ಯಾರೂ ವಿವರಿಸಬೇಕಾಗಿಲ್ಲ. ಕೇಡು ಏನೆಂದರೆ ಪಾಲಿಯೆಸ್ಟರ್ ರಿಬ್ಬನ್ನು ಕೊಳೆಯುವುದಿಲ್ಲ. ಕೊಂಬೆ ದಪ್ಪವಾಗುತ್ತ ಹೋದಂತೆ ಅದು ತೊಗಟೆಯೊಳಗೆ ಕಚ್ಚಿಕೊಂಡು ರಸದ ದಾರಿಯನ್ನೇ ಬಿಗಿಯುತ್ತದೆ. ತಿಳಿದವರು ಇಲ್ಲಿ ಕಟ್ಟುವುದನ್ನು ಬಿಟ್ಟು ಹರಕೆಯ ದಾರವನ್ನು ಪುಸ್ತಕದಲ್ಲೇ ಹೊಲಿಯುತ್ತಾರೆ: ಖಾಲಿ ಪುಟದ ಅಂಚಿನಲ್ಲಿ ಎರಡು ತೂತು, ಒಂದು ಗಂಟು.

ಊರಿನಿಂದ ದಕ್ಷಿಣಕ್ಕೆ ಕೆನೆಟ್ ಹೊಳೆಯ ಪಕ್ಕದಲ್ಲೇ ಹಾದಿ. ಬಲಕ್ಕೆ ಸಿಲ್ಬರಿ ಗುಡ್ಡ. ಯೂರೋಪಿನ ಪ್ರಾಚೀನ ಮಾನವ ನಿರ್ಮಿತ ದಿಬ್ಬಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಹತ್ತುವಂತಿಲ್ಲ. 1776ರಲ್ಲಿ ನಿಧಿಯಾಸೆಗೆ ತೋಡಿದ ಬಾವಿಯೊಂದು 2000ದಲ್ಲಿ ಕುಸಿದು ತುದಿಯಲ್ಲೇ ಗುಂಡಿ ಬಿತ್ತು. ಎ4 ಹೆದ್ದಾರಿಯನ್ನು ಹುಷಾರಾಗಿ ದಾಟಿ ಏರು ಹತ್ತಿದರೆ ವೆಸ್ಟ್ ಕೆನೆಟ್ ಸಮಾಧಿ: ನೂರು ಮೀಟರ್ ಉದ್ದದ ದಿಬ್ಬ, ಒಳಗೆ ಐದು ಕೋಣೆ. 5600 ವರ್ಷಕ್ಕೂ ಹಿಂದಿನದು, ಕಡಿಮೆಯೆಂದರೂ 36 ಜನರ ಮೂಳೆ ಸಿಕ್ಕಿದೆ. ಒಳಗೆ ಟಾರ್ಚು ಸಾಕು. ಹಣ್ಣು ಬ್ರೆಡ್ಡು ಇಟ್ಟು ಬಂದರೆ ಇಲಿಗಳಿಗೆ ಹಬ್ಬ, ಬೇರೆಯವರಿಗೆ ಗಲೀಜು. ಕೆಳಗಿನ ಸ್ವಾಲೋಹೆಡ್ ಊಟೆ ಸೆಪ್ಟೆಂಬರಿನಲ್ಲಿ ಒಣಗಿರುವುದೇ ಹೆಚ್ಚು. ನೀರು ನೋಡಬೇಕಾದರೆ ಫೆಬ್ರವರಿಯ ಇಂಬೋಲ್ಕ್ ಹಬ್ಬದ ಹೊತ್ತಿಗೆ ಬರಬೇಕು.

ಅಲ್ಲಿಂದ ಪೂರ್ವಕ್ಕೆ ಓವರ್ಟನ್ ಗುಡ್ಡದ ಸ್ಯಾಂಕ್ಚುಯರಿ (ಮರದ ಕಂಬ ಮತ್ತು ಕಲ್ಲುಗಳ ವೃತ್ತಗಳಿದ್ದ ಜಾಗ), ಮತ್ತೆ ಸಾಲುಗಲ್ಲುಗಳ ನಡುವೆ ಏವ್‌ಬರಿಗೆ ವಾಪಸ್ಸು. ಇಡೀ ಸುತ್ತು ಹತ್ತು ಕಿಲೋಮೀಟರಿನೊಳಗೆ. ಪುಸ್ತಕದವರಿಗೆ ಈ ಹಾದಿಯ ಬೇಲಿಸಾಲೇ ಅಂಗಡಿ. ಎಲ್ಡರ್ ಮರದ ಕಪ್ಪು ಹಣ್ಣಿನ ಗೊಂಚಲು, ಮುಳ್ಳುತಂತಿಗೆ ಸಿಕ್ಕಿದ ಕುರಿಯುಣ್ಣೆ, ಎಲ್ಲಾದರೂ ಓಕ್ ಮರ ಸಿಕ್ಕರೆ ಬುಡದಲ್ಲಿ ಗೋಲಿಯಂಥ ಕಂದು ಗಂಟುಗಳು. ಈ ಗಂಟನ್ನು ನಾವು ಬಲ್ಲೆವು. ಬಾಣಂತಿ ಮನೆಗೆಂದು ಗ್ರಂಧಿಗೆ ಅಂಗಡಿಯಲ್ಲಿ ಕೊಳ್ಳುವ ಮಾಚಿಕಾಯಿ ಇದೇ ಜಾತಿಯದು, ಕಣಜದಂಥ ಹುಳು ಓಕ್ ಮೊಗ್ಗಿನಲ್ಲಿ ಮೊಟ್ಟೆಯಿಟ್ಟಾಗ ಮರ ಬೆಳೆಸುವ ಗಂಟು. ಸಣ್ಣ ತೂತಿದ್ದರೆ ಹುಳು ಹಾರಿಹೋಗಿದೆ ಎಂದು ಅರ್ಥ, ಅಂಥವನ್ನೇ ಆರಿಸಿ. ಗಿಡವನ್ನು ಬೇರುಸಹಿತ ಕೀಳುವುದು 1981ರ ಕಾಯಿದೆಯ ಪ್ರಕಾರ ಜಮೀನಿನವರ ಒಪ್ಪಿಗೆಯಿಲ್ಲದೆ ಅಪರಾಧ. ಸ್ಮಾರಕದ ಮೇಲಿಂದ ಉದುರಿದ ಎಲೆಯ ಹೊರತು ಏನನ್ನೂ ಎತ್ತದಿರುವುದು ಕ್ಷೇಮ.

ಮನೆಗೆ ಬಂದ ಮೇಲೆ ಶಾಯಿ. 30 ಗ್ರಾಂ ಗಂಟುಗಳನ್ನು ಜಜ್ಜಿ 300 ಮಿ.ಲೀ. ನೀರಿನಲ್ಲಿ ಎರಡು ದಿನ ನೆನೆಸಿ, ಅರ್ಧಕ್ಕೆ ಇಳಿಯುವ ತನಕ ಸಣ್ಣ ಉರಿಯಲ್ಲಿ ಕುದಿಸಿ ಸೋಸಿ. 7 ಗ್ರಾಂ ಅನ್ನಭೇದಿ, 7 ಗ್ರಾಂ ಅಂಟುಗೋಂದು ಕರಗಿಸಿದರೆ ಆಯಿತು. ಅಡುಗೆಯ ಪಾತ್ರೆ ಬಳಸಬೇಡಿ. ಬರೆದಾಗ ಬೂದುಬಣ್ಣ, ಗಾಳಿ ತಾಗುತ್ತ ಗಂಟೆಗಳಲ್ಲಿ ಕಪ್ಪಾಗುತ್ತದೆ. ಕಪ್ಪು ಬೇಗ ಬರಲಿ ಎಂದು ಅನ್ನಭೇದಿ ಹೆಚ್ಚು ಸುರಿದರೆ ವರ್ಷಗಳ ಮೇಲೆ ಅಕ್ಷರವಿದ್ದಲ್ಲೇ ಕಾಗದ ಸುಟ್ಟಂತೆ ತೂತಾಗುತ್ತದೆ. ಇಂಗ್ಲೆಂಡಿನ ಗಂಟುಗಳಲ್ಲಿ ಒಗರು ಕಡಿಮೆ, ಆದ್ದರಿಂದ ಕೈ ಹಿಡಿದೇ ಹಾಕಬೇಕು. ಫೌಂಟನ್ ಪೆನ್ನಿಗೆ ತುಂಬಬೇಡಿ, ಗಸಿ ಕಟ್ಟುತ್ತದೆ. ಅದ್ದಿ ಬರೆಯುವ ನಿಬ್ಬು ಸಾಕು. ನಮ್ಮಲ್ಲಿ ಮಾಡುವವರಿಗೆ ಅಳಲೆಕಾಯಿಯೂ ಆದೀತು, ಅದರ ಒಗರೂ ಕಬ್ಬಿಣದೊಡನೆ ಸೇರಿ ಕಪ್ಪಾಗುತ್ತದೆ.

ಎಲ್ಡರ್ ಹಣ್ಣಿನದು ಬೇರೆ ಕಥೆ. ಒಂದು ಬಟ್ಟಲು ಹಣ್ಣನ್ನು ತೊಟ್ಟಿಲ್ಲದೆ ಬಿಡಿಸಿ (ತೊಟ್ಟು ವಿಷ, ಹಸಿ ಹಣ್ಣೂ ಹೊಟ್ಟೆ ಕೆಡಿಸುತ್ತದೆ) ಕಾಲು ಗಂಟೆ ಬೇಯಿಸಿ, ಹಿಂಡಿ, ಅರ್ಧ ಚಮಚ ವಿನೆಗರ್, ಅರ್ಧ ಚಮಚ ಉಪ್ಪು, ಬೂಷ್ಟು ತಡೆಯಲು ಒಂದು ಲವಂಗ. ಬಾಟಲಿಯಲ್ಲಿ ನೇರಳೆಗೆಂಪು. ಪುಟಕ್ಕೆ ಬಳಿದರೆ ನೋಡುತ್ತಿದ್ದಂತೆ ಬೂದುನೀಲಿ! ಶಾಯಿ ಕೆಟ್ಟಿಲ್ಲ. ಇವತ್ತಿನ ಕಾಗದಕ್ಕೆ ಸೀಮೆಸುಣ್ಣದಂಥ ಪುಡಿ ಬೆರೆಸಿರುತ್ತಾರೆ, ಹಣ್ಣಿನ ಬಣ್ಣ ಹುಳಿಗೆ ಕೆಂಪಾಗಿ ಕ್ಷಾರಕ್ಕೆ ನೀಲಿಯಾಗಿ ತಿರುಗುತ್ತದೆ. ಏವ್‌ಬರಿಯಲ್ಲಿ ಬೂಟಿಗೆ ಮೆತ್ತಿದ ಬಿಳಿ ಕೆಸರನ್ನು ಬೆರಳಿನಿಂದ ತಾಗಿಸಿದರೂ ಇದೇ ಆಗುತ್ತದೆ. ಕೆಲವರು ಬೇಕೆಂದೇ ಹಾಗೆ ಮಾಡಿ ಆ ದಿನದ ಆಕಾಶ ಬರೆಯುತ್ತಾರೆ. ಬಿಸಿಲು ಬಿದ್ದರೆ ಈ ಬಣ್ಣ ತಿಂಗಳುಗಳಲ್ಲಿ ಕಂದಾಗುತ್ತದೆ, ಆದ್ದರಿಂದ ಗೋಡೆಗೆ ಹಾಕುವ ಚಿತ್ರಕ್ಕಲ್ಲ, ಮುಚ್ಚಿಡುವ ಪುಟಕ್ಕೆ.

ಎಲೆಗಳನ್ನು ಅವತ್ತೇ ಅಂಟಿಸಬೇಡಿ. ಹಸಿ ಎಲೆ ಅಂಟಿನಡಿಯಲ್ಲಿ ಬೆವರಿ, ಎದುರಿನ ಪುಟಕ್ಕೂ ಬೂಷ್ಟು ಹಬ್ಬಿಸುತ್ತದೆ. ನ್ಯೂಸ್‌ಪೇಪರಿನ ನಡುವೆ ಇಟ್ಟು ಭಾರ ಹೇರಿ, ಮೊದಲ ನಾಲ್ಕು ದಿನ ದಿನಕ್ಕೊಮ್ಮೆ ಪೇಪರ್ ಬದಲಿಸಿ, ಎರಡು ವಾರ ಬಿಡಿ. ಬಾಗಿಸಿದರೆ ಚಟ್ಟೆಂದು ಮುರಿಯುವಂತಿದ್ದರೆ ಒಣಗಿದೆ. ಒಂದು ಪಾಲು ಮೈದಾ, ಐದು ಪಾಲು ನೀರು ಕಾಯಿಸಿದ ಅಂಟನ್ನು ಎಲೆಗೆ ಪೂರ್ತಿ ಬಳಿಯದೆ ನಡುನರಕ್ಕೆ ಮಾತ್ರ ತೆಳುವಾಗಿ ಹಚ್ಚಿ, ಇಲ್ಲವೆ ತೊಟ್ಟಿನ ಮೇಲೆ ಸಣ್ಣ ಕಾಗದದ ಪಟ್ಟಿ ದಾಟಿಸಿ ಅಂಟಿಸಿ. ಪಟ್ಟಿಯದೇ ಮೇಲು, ಎಲೆ ಪುಡಿಯಾದ ದಿನ ಪುಟ ಹಾಳಾಗದೆ ಬಿಡಿಸಬಹುದು. ಅಂಟು ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ. ಅಂಟಿಸಿದ ಪುಟದ ಎರಡೂ ಕಡೆ ಬೆಣ್ಣೆ ಕಾಗದ ಇಟ್ಟು, ಪುಸ್ತಕ ಮುಚ್ಚಿ, ಮೇಲೆ ಎರಡು ದಪ್ಪ ನಿಘಂಟು ಹೇರಿ ಒಂದು ರಾತ್ರಿ. ಮೋಟುಪಟ್ಟಿ ಸೇರಿಸಿದ ಪುಸ್ತಕ ಬೆಳಗ್ಗೆ ಸಪಾಟಾಗಿ ಮಲಗಿರುತ್ತದೆ. ಮರೆತಿದ್ದರೆ ಗಂಟು ಬಿಚ್ಚಿ, ಪಟ್ಟಿ ಸೇರಿಸಿ, ಅದೇ ತೂತುಗಳಲ್ಲಿ ಹೊಸ ದಾರದಿಂದ ಮತ್ತೆ ಹೊಲಿಯಬಹುದು.