ಧಗೆಯ ದಿನ, ಗುಡುಗಿನ ದಾರಿ ಕಾಯುತ್ತ

ಬೆಳಿಗ್ಗೆ ಆರೂವರೆಗೇ ಥರ್ಮಾಮೀಟರ್ 29 ಡಿಗ್ರಿ ತೋರಿಸುತ್ತಿದೆ ಎಂದರೆ ಆ ದಿನದ ಗತಿ ಅರ್ಧ ಗೊತ್ತಾದಂತೆ. ನಾಲ್ಕೈದು ದಿನ ಬಿಡದೆ ಧಗೆ ಏರಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಇಷ್ಟು ಸೆಕೆ ಇದೆಯಲ್ಲ, ಸಂಜೆ ಮಳೆ ಗ್ಯಾರಂಟಿ.’ ಆಕಾಶ ನೋಡಿ ಅಂಕಿ ಬರೆದಿಡುವ ಹವ್ಯಾಸ ಇರುವವರು ಈ ಮಾತನ್ನೇ ನಂಬಿ ಕೂರಬಾರದು. ಬಿಸಿಲು ನೆಲದ ಗಾಳಿಯನ್ನು ಮೇಲಕ್ಕೆ ಎಬ್ಬಿಸುತ್ತದೆ, ನಿಜ. ಆದರೆ ಬಿಸಿಗಾಳಿಯ ದಿನಗಳನ್ನು ತಂದಿಡುವುದು ಹೆಚ್ಚಾಗಿ ಎತ್ತರದಿಂದ ನಿಧಾನಕ್ಕೆ ಕೆಳಗಿಳಿಯುವ ಗಾಳಿ. ಅದು ಇಳಿಯುತ್ತ ಅದುಮಿಕೊಂಡು ಬಿಸಿಯಾಗುತ್ತದೆ, ಒಣಗುತ್ತದೆ. ಒಂದೆರಡು ಕಿಲೋಮೀಟರ್ ಎತ್ತರದಲ್ಲಿ ಕೆಳಗಿನ ಗಾಳಿ ಏಳದಂತೆ ಅದೇ ಮುಚ್ಚಳವಾಗಿ ಕೂತುಬಿಡುತ್ತದೆ. ಹಾಗಾಗಿ ದಿನವಿಡೀ ಕಾಯಬೇಕಾದದ್ದು ಎರಡು ಪ್ರಶ್ನೆಗಳ ಉತ್ತರಕ್ಕೆ: ಕೆಳಗೆ ತೇವ ಎಷ್ಟಿದೆ, ಮೇಲಿನ ಮುಚ್ಚಳ ಎಷ್ಟು ಗಟ್ಟಿಯಾಗಿದೆ?

ತೇವದ ಉತ್ತರ ಒದ್ದೆ ಬಲ್ಬಿನಲ್ಲಿದೆ, ಅಂದರೆ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನಲ್ಲಿ. ಸ್ಟೀವನ್‌ಸನ್ ಪೆಟ್ಟಿಗೆಯೊಳಗೆ (ಥರ್ಮಾಮೀಟರಿಗೆ ಬಿಸಿಲು ತಾಗದಂತೆ ಮಾಡಿದ ಗೂಡು) ಒಣ ಬಲ್ಬು 38, ಒದ್ದೆ ಬಲ್ಬು 25 ತೋರಿಸಿದರೆ ಇಬ್ಬನಿ ಬಿಂದು, ಅಂದರೆ ಗಾಳಿ ತಣಿದು ಅದರ ನೀರು ಹನಿಗಟ್ಟತೊಡಗುವ ಉಷ್ಣತೆ, ಸುಮಾರು ಹದಿನೆಂಟೂವರೆ ಡಿಗ್ರಿ. ಶೇಕಡಾವಾರು ತೇವಾಂಶವನ್ನು ನೋಡುತ್ತ ಕೂತರೆ ಮೋಸ ಹೋಗುತ್ತೇವೆ. ಗಾಳಿಯಲ್ಲಿನ ನೀರು ಅಷ್ಟೇ ಇದ್ದರೂ ಬಿಸಿಲೇರಿದಂತೆ ಆ ಅಂಕಿ ಇಳಿಯುತ್ತಲೇ ಹೋಗುತ್ತದೆ. ಇಬ್ಬನಿ ಬಿಂದು ಹಾಗಲ್ಲ, ಇರುವ ನೀರಿನ ಲೆಕ್ಕ ನೇರವಾಗಿ ಕೊಡುತ್ತದೆ.

ಇಂಥ ದಿನ ಎಡವುವುದೂ ಈ ಒದ್ದೆ ಬಲ್ಬಿನಲ್ಲೇ. ಬಲ್ಬಿಗೆ ಸುತ್ತಿದ ಮಸ್ಲಿನ್ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಮೆತ್ತಗೆ ತಣ್ಣಗಿರಬೇಕಾದ್ದು ಒರಟಾಗಿದ್ದರೆ, ಅಂಚಿನಲ್ಲಿ ಬಿಳಿ ಹೊಪ್ಪಳೆ ಕಟ್ಟಿದ್ದರೆ, ಅದು ಗಡಸು ನೀರಿನ ಉಪ್ಪು. ಕುಡಿಕೆಯಿಂದ ಬಲ್ಬಿನವರೆಗಿನ ಬತ್ತಿ ಉದ್ದವಾಗಿದ್ದರೆ ಒಣಗಾಳಿಯಲ್ಲಿ ನೀರು ದಾರಿಯಲ್ಲೇ ಆರಿಹೋಗುತ್ತದೆ. ಎರಡರಲ್ಲೂ ಬಲ್ಬು ತಣಿಯುವಷ್ಟು ತಣಿಯದೆ ಓದು ಮೇಲೇರುತ್ತದೆ, ಗಾಳಿಯಲ್ಲಿ ಇಲ್ಲದ ತೇವ ಲೆಕ್ಕದಲ್ಲಿ ಕಾಣುತ್ತದೆ. ಸೋಸಿದ ನೀರು ಸಾಲದು, ಡಿಸ್ಟಿಲ್ಡ್ ನೀರೇ ಬೇಕು. ಬಟ್ಟೆಯನ್ನು ವಾರಕ್ಕೊಮ್ಮೆ ಬದಲಿಸಿ, ಧೂಳೆದ್ದರೆ ಮರುದಿನವೇ.

ಒಣ ಬಲ್ಬಿನ ಓದಿನಿಂದ ಇಬ್ಬನಿ ಬಿಂದುವನ್ನು ಕಳೆದು 125ರಿಂದ ಗುಣಿಸಿದರೆ ಮೋಡದ ತಳ ಸುಮಾರು ಎಷ್ಟು ಮೀಟರ್ ಎತ್ತರದಲ್ಲಿ ಕಟ್ಟೀತು ಎಂಬುದು ಸಿಗುತ್ತದೆ. ಮೇಲಿನ ಅಂಕಿಗಳಿಗೆ ಅದು 2,400 ಮೀಟರಿನ ಆಸುಪಾಸು. 40 ಡಿಗ್ರಿ ಬಿಸಿಲಿಗೆ ಇಬ್ಬನಿ ಬಿಂದು 10 ಮಾತ್ರ ಇದ್ದರೆ 3,750 ಮೀಟರ್. ಅಷ್ಟು ಎತ್ತರದಿಂದ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗುವುದು ಹೆಚ್ಚು. ಮೋಡದ ಕೆಳಗೆ ಬೂದು ಜಾಲರಿ ಇಳಿಬಿದ್ದು ಅರ್ಧದಲ್ಲೇ ಮಾಯವಾಗುವುದು ಇದರಿಂದಲೇ. ಅದನ್ನು ಕಂಡು ‘ಮಳೆ ತಪ್ಪಿತು’ ಎಂದು ಆಚೆ ನಿಲ್ಲಬೇಡಿ. ಆವಿಯಾಗುತ್ತ ತಣಿದು ಭಾರವಾದ ಗಾಳಿ ಧೊಪ್ಪನೆ ನೆಲಕ್ಕೆ ಬಿದ್ದು ನಾಲ್ಕೂ ಕಡೆ ನುಗ್ಗುತ್ತದೆ. ಹವಾಮಾನ ವಿಜ್ಞಾನಿ ಟೆಟ್ಸುಯಾ ಫುಜಿಟಾ ‘ಮೈಕ್ರೊಬರ್ಸ್ಟ್’ ಎಂದು ಹೆಸರಿಟ್ಟದ್ದು ಇಂಥ ಹೊಡೆತಕ್ಕೇ.

ಇಬ್ಬನಿ ಬಿಂದುವನ್ನು ಒಂದೇ ಸಲ ಓದಿದರೆ ಏನೂ ತಿಳಿಯದು. ಬೆಳಿಗ್ಗೆ ಒಂಬತ್ತರಿಂದ ಗಂಟೆಗೊಮ್ಮೆ ಬರೆಯಿರಿ. ಮಧ್ಯಾಹ್ನ ಎರಡರ ಹೊತ್ತಿಗೆ 19ರಿಂದ 13ಕ್ಕೆ ಇಳಿದಿದ್ದರೆ ತೇವ ಇದ್ದದ್ದು ನೆಲದ ಮೇಲೆ ತೆಳುವಾಗಿ ಮಾತ್ರ. ಮೇಲಿನ ಒಣಗಾಳಿ ಬೆರೆತು ಅದನ್ನು ತಿಂದುಹಾಕಿತು. ಬಿಸಿಲಿಗೂ ಜಗ್ಗದೆ 18ರಲ್ಲೇ ನಿಂತಿದ್ದರೆ ತೇವದ ಪದರ ದಪ್ಪವಾಗಿದೆ. ಕೇಳಿದರೆ, ಇಡೀ ದಿನದ ಅಂಕಿಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಈ ಒಂದಕ್ಕೆ.

ಬ್ಯಾರೋಮೀಟರಿನ ಬಗ್ಗೆ ಒಂದೇ ಮಾತು. ಉಷ್ಣವಲಯದಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಒತ್ತಡ ಮೂರು ಹೆಕ್ಟೊಪಾಸ್ಕಲ್‌ನಷ್ಟು ಇಳಿಯುವುದು ನಿತ್ಯದ ಸಂಗತಿ. ಅದನ್ನೇ ಬಿರುಗಾಳಿಯ ಸೂಚನೆ ಎಂದುಕೊಳ್ಳಬೇಡಿ. ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತೋ ಅದರೊಂದಿಗೆ ಹೋಲಿಸಿ.

ಇನ್ನು ಮುಚ್ಚಳ. ಬೆಳಗಿನ ಆಕಾಶದ ನಡುಎತ್ತರದಲ್ಲಿ ಒಂದೇ ತಳದಿಂದ ಕೋಟೆಯ ತೆನೆಗಳ ಹಾಗೆ ಪುಟ್ಟ ಗೋಪುರಗಳೆದ್ದ ಮೋಡದ ಸಾಲು ಕಂಡರೆ, ಆ ಎತ್ತರದ ಗಾಳಿ ಏಳಲು ತಯಾರಾಗಿದೆ ಎಂದರ್ಥ. ಹತ್ತು ಗಂಟೆಗೆ ಅದು ಕರಗಿಹೋದರೂ ಬರೆದಿಟ್ಟುಕೊಳ್ಳಿ. ಮಧ್ಯಾಹ್ನ ಕ್ಯುಮುಲಸ್ (ಹತ್ತಿ ಗುಡ್ಡೆಯಂಥ ಮೋಡ) ಶುರುವಾದ ಮೇಲೆ ಇಡೀ ಆಕಾಶದ ಮೇಲೆ ಕಣ್ಣಾಡಿಸುವ ಬದಲು ಒಂದೇ ಮೋಡವನ್ನು ಆರಿಸಿ. ಕೈ ನೀಟಾಗಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಕಿರುಬೆರಳು ಒಂದು ಡಿಗ್ರಿ. ಮೋಡ 20 ಕಿಲೋಮೀಟರ್ ದೂರದಲ್ಲಿದ್ದು ಅದರ ತಲೆ ಒಂದು ಮುಷ್ಟಿ ಮೇಲಿದ್ದರೆ ಎತ್ತರ ಮೂರೂವರೆ ಕಿಲೋಮೀಟರ್. ಎರಡೂವರೆ ಮುಷ್ಟಿಗೆ ಏರಿದರೆ ಒಂಬತ್ತು ದಾಟಿತು. ಮುಚ್ಚಳ ಗಟ್ಟಿ ಇರುವ ದಿನ ಗೋಪುರ ಸಪೂರವಾಗಿ ಏಳುತ್ತದೆ, ವಾಲುತ್ತದೆ, ಕತ್ತು ಕಳಚಿಕೊಂಡು ಹತ್ತು ನಿಮಿಷದಲ್ಲಿ ಚೂರಾಗುತ್ತದೆ. ಹಾಗೆ ಮೂರು ನಾಲ್ಕು ಸತ್ತ ಮೇಲೆ ಅದೇ ಜಾಗದಲ್ಲಿ ಐದನೆಯದು ಅಗಲ ತಳದೊಂದಿಗೆ ನಿಲ್ಲುವುದುಂಟು. ಹಿಂದಿನವು ಕರಗಿ ಅಲ್ಲಿನ ಗಾಳಿಯನ್ನು ತೇವ ಮಾಡಿಟ್ಟಿರುತ್ತವೆ. ನಾಲ್ಕನೆಯದು ಸತ್ತಾಗ ಒಳಗೆ ಹೋದವರಿಗೆ ಇದು ಕಾಣಿಸದು.

ತಲೆಯ ಅಂಚನ್ನು ದಿಟ್ಟಿಸಿ ನೋಡಿ. ಹೂಕೋಸಿನಂತೆ ಗೀರು ಗೀರಾಗಿ ಚೊಕ್ಕವಾಗಿರುವವರೆಗೂ ಅದು ನೀರಹನಿಗಳ ಮೋಡ. ಅಂಚು ಮಸುಕಾಗಿ ಹತ್ತಿ ಹಿಂಜಿದಂತೆ ಆಯಿತೆಂದರೆ ಮಂಜುಗಡ್ಡೆ ಕಟ್ಟಿತು. ಮೆತ್ತನೆಯ ಸಣ್ಣ ಆಲಿಕಲ್ಲುಗಳೂ ಹಿಮದ ಹರಳುಗಳೂ ಡಿಕ್ಕಿ ಹೊಡೆದು ವಿದ್ಯುತ್ ಬೇರ್ಪಡುವುದು ಆ ತಣ್ಣನೆಯ ಭಾಗದಲ್ಲೇ. ಈಗ ಹಳೆಯ ಎಎಂ ರೇಡಿಯೊವನ್ನು ಯಾವ ನಿಲಯವೂ ಇಲ್ಲದ ಕೆಳಗಿನ ಆವರ್ತನಕ್ಕೆ ತಿರುಗಿಸಿಡಿ. ಚರ್ ಎಂಬ ಒಂದೊಂದು ಸದ್ದೂ ಒಂದೊಂದು ಮಿಂಚು. ಎಡೆಬಿಡದೆ ಗುಯ್‌ಗುಟ್ಟಿದರೆ ಅದು ಮನೆಯ ಚಾರ್ಜರ್ ಅಥವಾ ಎಲ್‌ಇಡಿ ದೀಪ, ಆರಿಸಿ ಮತ್ತೆ ಕೇಳಿ.

ಮಿಂಚಿನಿಂದ ಗುಡುಗಿನವರೆಗೆ ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರ್. ಎಣಿಕೆ ಮೂವತ್ತು ಸೆಕೆಂಡಿಗಿಂತ ಕಡಿಮೆ ಬಂದರೆ ಪುಸ್ತಕ ಮಡಚಿ ಒಳಗೆ ನಡೆಯಿರಿ; ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯದೆ ಮಳೆಮಾಪಕದ ಹತ್ತಿರ ಸುಳಿಯಬೇಡಿ. ಯಾವ ಅಂಕಿಯೂ ಜೀವಕ್ಕಿಂತ ದೊಡ್ಡದಲ್ಲ. ಸಿಡಿಲುಮೋಡದ ತಂಗಾಳಿ ಮುಟ್ಟಿದಾಗ ಹತ್ತು ನಿಮಿಷದಲ್ಲಿ ಎಂಟು ಹತ್ತು ಡಿಗ್ರಿ ಇಳಿಯಬಹುದು, ಗಾಳಿ ದಿಕ್ಕು ಬದಲಿಸುತ್ತದೆ, ಒತ್ತಡ ಒಮ್ಮೆಗೇ ಮೇಲೆ ನೆಗೆಯುತ್ತದೆ. ಡಿಜಿಟಲ್ ಯಂತ್ರವಿದ್ದರೆ ಬೆಳಿಗ್ಗೆಯೇ ಅದನ್ನು ನಿಮಿಷಕ್ಕೊಂದು ಓದಿಗೆ ಇಟ್ಟಿರಬೇಕು. ಅರ್ಧ ಗಂಟೆಗೊಮ್ಮೆ ಎಂದಿದ್ದರೆ ಈ ನೆಗೆತ ದಾಖಲೆಯಲ್ಲಿ ಸಿಕ್ಕುವುದೇ ಇಲ್ಲ.

ವಾರಗಟ್ಟಲೆ ಒಣಗಿದ ಮಳೆಮಾಪಕ ಮೊದಲ ಮಳೆಗೇ ಕೈಕೊಡುತ್ತದೆ: ಕೊಳವೆಯ ಬಾಯಲ್ಲಿ ಜೇಡನ ಬಲೆ, ಧೂಳು, ಹಕ್ಕಿಯ ಹಿಕ್ಕೆ. ತೊಟ್ಟಿಲಿನಂತೆ ಆಚೀಚೆ ವಾಲಿ ಎಣಿಸುವ ಮಾಪಕವಾದರೆ ಧಗೆಯ ದಿನಗಳಲ್ಲೇ ಪರೀಕ್ಷಿಸಿಡಿ. ಬಾಯಿಯ ವ್ಯಾಸ 20 ಸೆಂಟಿಮೀಟರ್ ಇದ್ದರೆ 314 ಮಿಲಿಲೀಟರ್ ನೀರು 10 ಮಿಲಿಮೀಟರ್ ಮಳೆಗೆ ಸಮ. ಅದನ್ನು ಅರ್ಧ ಗಂಟೆ ತೆಗೆದುಕೊಂಡು ಹನಿಹನಿಯಾಗಿ ಬಿಟ್ಟರೆ, 0.2 ಮಿಲಿಮೀಟರಿನ ತೊಟ್ಟಿಲು ಐವತ್ತು ಸಲ ವಾಲಬೇಕು. ಸುರಿದುಬಿಟ್ಟರೆ ಕಡಿಮೆ ಎಣಿಸುತ್ತದೆ. ಜಡಿಮಳೆಯಲ್ಲೂ ಅದರ ದೋಷ ಅದೇ. ಪಕ್ಕದಲ್ಲೊಂದು ಸಾದಾ ಮಾಪಕ ಇರಲಿ.

ಇಷ್ಟೆಲ್ಲ ಆಗಿಯೂ ಮೋಡ ಒಡೆಯದೆ ಕತ್ತಲಾಗುವ ದಿನಗಳು ಬೇಕಾದಷ್ಟು. ರಾತ್ರಿ ದಿಗಂತದಲ್ಲಿ ಸದ್ದಿಲ್ಲದೆ ಮಿಂಚು ಹೊಳೆಯುತ್ತದೆ. ಸೆಕೆಗೆ ತಾನಾಗಿ ಹುಟ್ಟಿದ ಮಿಂಚು ಅದಲ್ಲ, ನೂರು ಕಿಲೋಮೀಟರ್ ಆಚೆಯ ಸಿಡಿಲುಮೋಡದ್ದೂ ಇರಬಹುದು. ಬೆಳಕು ತಲುಪುತ್ತದೆ, ಸದ್ದು ಮೇಲಕ್ಕೆ ಬಾಗಿ ಹೋಗುತ್ತದೆ. ಗುಡುಗಿನ ದಿನ ಎಂದು ಗುರುತು ಹಾಕಲು ಗುಡುಗು ಕಿವಿಗೆ ಬಿದ್ದಿರಬೇಕು, ಮಿಂಚು ಕಂಡರೆ ಸಾಲದು. ಆ ಕಾಲಂ ಖಾಲಿ ಬಿಡಿ. ಷರಾದಲ್ಲಿ ಬರೆಯಿರಿ: ‘15:40ಕ್ಕೆ ಈಶಾನ್ಯದಲ್ಲಿ ಗೋಪುರ, 15:55ಕ್ಕೆ ಕಳಚಿತು, 20:10ರಿಂದ ಅದೇ ದಿಕ್ಕಿನಲ್ಲಿ ಮಿಂಚು, ಗುಡುಗಿಲ್ಲ.’ ಬರೆದು ಮುಗಿದ ಮೇಲೆಯೇ ಗರಿಷ್ಠ ಥರ್ಮಾಮೀಟರನ್ನು ಕೊಡವಿ ನಾಳೆಗೆ ಸಜ್ಜು ಮಾಡಿ.