ನೀವು ಯಾವ ಸಭೆಯವರು?

ಹೊಸ ಊರಿನಲ್ಲಿ ಚರ್ಚಿಗೆ ಹೋದರೆ, ಆರಾಧನೆ ಮುಗಿಸಿ ಬಾಗಿಲ ಹತ್ತಿರ ಬರುವಷ್ಟರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ನೀವು ಯಾವ ಸಭೆಯವರು?" ಸಭೆ ಅಂದರೆ ಇಲ್ಲಿ ಕ್ರೈಸ್ತರ ಪಂಗಡ. ಕೆಟ್ಟ ಪ್ರಶ್ನೆಯೇನಲ್ಲ. ಯಾವ ಊರು, ಯಾರ ಮನೆ ಎಂದು ಕೇಳುವ ಹಾಗೆಯೇ ಇದೂ. ಕೆಲಸದ ಮೇಲೆ ಬೀದರ್ ಕಡೆಯಿಂದ ಮೈಸೂರಿಗೆ ಬಂದ ನನಗೆ ಮಾತ್ರ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು. "ಮೆಥಡಿಸ್ಟ್" ಅಂದರೆ, "ಓ, ನಮ್ಮ ತಾತನೂ ಮೆಥಡಿಸ್ಟೇ!" ಅನ್ನುತ್ತಿದ್ದರು. ಅವರು ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ. ಆದರೂ ನಮ್ಮಿಬ್ಬರದು ಬೇರೆ ಬೇರೆ ಸಭೆ.

ಇದು ಹೇಗೆ ಅಂದರೆ, ಹಿಂದೆ ಇಲ್ಲಿಗೆ ಬಂದ ಮಿಷನ್‌ಗಳು ಒಬ್ಬರ ಸೀಮೆಗೆ ಇನ್ನೊಬ್ಬರು ಹೋಗಬಾರದು ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದವು. ಬಳ್ಳಾರಿಯಲ್ಲಿ ಲಂಡನ್ ಮಿಷನ್. ಮಂಗಳೂರಿನಲ್ಲಿ 1834ರಿಂದ ಬಾಸೆಲ್ ಮಿಷನ್. ಮೈಸೂರಿನ ಕಡೆ ಇಂಗ್ಲೆಂಡಿನ ವೆಸ್ಲಿಯನ್ನರು. ಬೀದರ್, ಕೋಲಾರದಲ್ಲಿ ಅಮೆರಿಕದ ಮೆಥಡಿಸ್ಟರು. ವೆಸ್ಲಿಯನ್ನರು, ಮೆಥಡಿಸ್ಟರು ಇಬ್ಬರೂ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯ ಕಡೆಯವರೇ. ಆದರೆ ವೆಸ್ಲಿಯನ್ನರು 1947ರಲ್ಲಿ ಹಲವು ಸಭೆಗಳು ಕೂಡಿ ಆದ ದಕ್ಷಿಣ ಇಂಡಿಯಾ ಸಭೆ, ಅಂದರೆ ಸಿಎಸ್‌ಐ ಸೇರಿದರು. ಅಮೆರಿಕದ ಕಡೆಯವರು ಸೇರಲಿಲ್ಲ. ನಮ್ಮ ಹಿರಿಯರು ನಾಲ್ಕು ಸಿದ್ಧಾಂತ ಓದಿ, ತೂಗಿ ನೋಡಿ ಮೆಥಡಿಸ್ಟರಾದವರಲ್ಲ. ಮನೆ ಆ ಜಿಲ್ಲೆಯಲ್ಲಿತ್ತು, ಅಷ್ಟೇ. ಬಳ್ಳಾರಿಯಲ್ಲಿ ಇದ್ದಿದ್ದರೆ ಬೇರೆ ಏನೋ ಆಗಿರುತ್ತಿದ್ದರು. ಯಾರೋ ಎಳೆದ ಗೆರೆಯನ್ನು ಮೂರು ನಾಲ್ಕು ತಲೆಮಾರು ನಮ್ಮದೇ ನಂಬಿಕೆಯ ಗೆರೆ ಅಂದುಕೊಂಡು ಕಾಯುತ್ತೇವಲ್ಲ, ನೆನೆಸಿಕೊಂಡರೆ ನಗು ಬರುತ್ತದೆ.

ಮನೆಗೆ ಹತ್ತಿರ ಇದ್ದದ್ದು ಸಿಎಸ್‌ಐ ಕನ್ನಡ ಸಭೆ. ಸುಮ್ನೆ ಅಲ್ಲಿಗೆ ಹೋಗತೊಡಗಿದೆ. ಎಲ್ಲರೂ ಒಳ್ಳೆಯವರೇ. ನಕ್ಕು ಮಾತಾಡಿಸುತ್ತಿದ್ದರು. ಸಭೆಯ ಪಾದ್ರಿ, ಅಂದರೆ ಅಯ್ಯನವರು, ಮನೆಗೂ ಬಂದು ಪ್ರಾರ್ಥನೆ ಮಾಡಿ ಹೋದರು. ಆದರೂ ಹಿಂದಿನ ಬೆಂಚು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ. ಊರಿನಲ್ಲಿ ಡೋಲಕ್, ತಾಳ ಹಿಡಿದು ಭಜನೆ ಹಾಡಿ ಬೆಳೆದವಳು ನಾನು. ಇಲ್ಲಿ ಆರ್ಗನ್. ರಾಗಗಳೂ ಬೇರೆ. ಆರಾಧನೆ ಮುಗಿದ ಕೂಡಲೇ ಚಪ್ಪಲಿ ಹಾಕಿಕೊಂಡು ಹೊರಡುತ್ತಿದ್ದೆ.

ಅದು ಬದಲಾದದ್ದು ಸುಗ್ಗಿ ಹಬ್ಬದ ದಿನ. ಬೆಳೆದದ್ದರಲ್ಲಿ ಮೊದಲಿನದನ್ನು ದೇವರಿಗೆ ತರುವ ಹಬ್ಬ ಅದು. ಹೊಲ ಇಲ್ಲದವರು ಅಡುಗೆಮನೆಯಿಂದ ತರುತ್ತಾರೆ. ಯಜ್ಞವೇದಿಯ ಮುಂದೆ ರಾಗಿ ಮೂಟೆ, ಕುಂಬಳಕಾಯಿ, ನಂಜನಗೂಡು ರಸಬಾಳೆಯ ಗೊನೆ, ಕೇಕು, ಉಪ್ಪಿನಕಾಯಿ ಬಾಟಲಿ, ಹೊರಗೆ ಗೂಟಕ್ಕೆ ಕಟ್ಟಿದ ಎರಡು ನಾಟಿ ಕೋಳಿ. ಆರಾಧನೆ ಆದ ಮೇಲೆ ಶಾಮಿಯಾನದ ಕೆಳಗೆ ಹರಾಜು. ಒಂದು ತೆಂಗಿನಕಾಯಿಯನ್ನು ಯಾರೋ ಐನೂರಕ್ಕೆ ಕೂಗಿ ಕೊಳ್ಳುತ್ತಾರೆ. ದುಡ್ಡು ಬರೆಸಿ, ಕಾಯಿಯನ್ನು ತಿರುಗಿ ಹರಾಜಿಗೇ ಕೊಟ್ಟುಬಿಡುತ್ತಾರೆ. ಅದೇ ಕಾಯಿ ಮತ್ತೆ ಮುನ್ನೂರಕ್ಕೆ ಹೋಗುತ್ತದೆ. ಮಕ್ಕಳು ಬೆಂಚು ಹತ್ತಿ ಕೂಗುತ್ತಿರುತ್ತಾರೆ.

ಲೆಕ್ಕ ಬರೆಯಬೇಕಿದ್ದವರಿಗೆ ಆ ದಿನ ಜ್ವರ. ಸ್ತ್ರೀಯರ ಸಂಘದ ಹಿರಿಯರೊಬ್ಬರು ಸೀದಾ ನನ್ನ ಹತ್ತಿರ ಬಂದು, "ಏನಮ್ಮ, ನಿನ್ನ ಅಕ್ಷರ ಚೆನ್ನಾಗಿದ್ಯಾ? ತಗೋ" ಎಂದು ಲಾಂಗ್ ನೋಟ್‌ಬುಕ್ ಕೈಗಿಟ್ಟರು. ಕೊಂಡವರಲ್ಲಿ ಅರ್ಧಕ್ಕರ್ಧ ಜನ "ಮುಂದಿನ ಭಾನುವಾರ ಕೊಡ್ತೀನಿ, ಬರ್ಕೊಳಮ್ಮ" ಅನ್ನುವವರೇ. ಬರೆದುಕೊಳ್ಳಬೇಕಾದರೆ ಹೆಸರು ಕೇಳಬೇಕು. ಹಾಗೆ ಕೇಳುತ್ತಾ ಕೇಳುತ್ತಾ ಒಂದೇ ಮಧ್ಯಾಹ್ನದಲ್ಲಿ ಇಡೀ ಸಭೆಯ ಹೆಸರು ನನಗೆ ಗೊತ್ತಾಯಿತು. ಸಾಲ ಇಟ್ಟವರು ಮುಂದಿನ ವಾರ ಹುಡುಕಿಕೊಂಡು ಬರಲೇಬೇಕಾಯಿತು. ಅಷ್ಟು ತಿಂಗಳ ನಗೆ, ನಮಸ್ಕಾರ ಮಾಡದ್ದನ್ನು ಆ ನೋಟ್‌ಬುಕ್ ಮಾಡಿತು. "ಬನ್ನಿ" ಅನ್ನುವುದು ಒಳ್ಳೆಯದೇ. ಆದರೆ "ಇದನ್ನ ಸ್ವಲ್ಪ ಮಾಡ್ಕೊಡು" ಅಂದವರನ್ನು ಮನುಷ್ಯರು ತಮ್ಮವರು ಅಂದುಕೊಳ್ಳುತ್ತಾರೆ.

1947ರ ಕತೆಯೂ ನನಗೆ ಈಗ ಹಾಗೇ ಕಾಣುತ್ತದೆ. ಅಲ್ಲಿ ಒಬ್ಬರು ಇನ್ನೊಬ್ಬರಿಂದ ಏನನ್ನೋ ಕೇಳಿದರು, ಸುಲಭವಲ್ಲದ್ದನ್ನೇ ಕೇಳಿದರು. ಸಭೆಗಳು ಒಂದಾಗುವ ಮಾತು ಶುರುವಾದದ್ದು 1919ರಲ್ಲಿ, ತಮಿಳುನಾಡಿನ ತರಂಗಂಬಾಡಿಯಲ್ಲಿ. ಸೇರಿದವರಲ್ಲಿ ಬಹುತೇಕ ಎಲ್ಲರೂ ಭಾರತೀಯರು. ಮುಂದಾಳಾಗಿದ್ದವರು ದೋರ್ನಕಲ್‌ನ ಬಿಷಪ್ ಅಜರಾಯ. ನಿಮ್ಮ ದೇಶಗಳಲ್ಲಿ ಸಭೆಗಳ ಒಡಕು ಒಂದು ಕೊರತೆ ಇರಬಹುದು, ನಮ್ಮಲ್ಲಿ ಅದು ಪಾಪ ಎಂಬ ಅರ್ಥದ ಮಾತನ್ನು 1927ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಪಶ್ಚಿಮದವರ ಮುಖಕ್ಕೇ ಹೇಳಿದವರು ಅವರು. ದೊಡ್ಡ ಗಂಟು ಇದ್ದದ್ದು ಬಿಷಪ್ಪರ ವಿಷಯದಲ್ಲಿ. ಬಿಷಪ್ಪರಿಂದ ಕೈಯಿಟ್ಟು ಅಭಿಷೇಕ ಮಾಡಿಸಿಕೊಳ್ಳದ ಪಾದ್ರಿಗಳು ಕರ್ತನ ಭೋಜನ, ಅಂದರೆ ರೊಟ್ಟಿ ದ್ರಾಕ್ಷಾರಸದ ಪವಿತ್ರ ಸಂಸ್ಕಾರ, ನಡೆಸುವುದು ಹೇಗೆ ಎಂದು ಇಂಗ್ಲೆಂಡ್ ಸಭೆಯ ಕಡೆಯವರಾದ ಆಂಗ್ಲಿಕನ್ನರು. ನಮ್ಮ ಅಯ್ಯನವರೇನು ಕಮ್ಮಿಯೇ ಎಂದು ಬಿಷಪ್ಪರಿಲ್ಲದ ಉಳಿದ ಸಭೆಯವರು. ಕಡೆಗೆ ಎಲ್ಲರೂ ಬಿಷಪ್ಪರನ್ನು ಒಪ್ಪಿದರು. ಆಗಲೇ ಸೇವೆಯಲ್ಲಿದ್ದವರಿಗೆ ಮತ್ತೆ ಅಭಿಷೇಕ ಬೇಡ ಎಂದು ಆಂಗ್ಲಿಕನ್ನರು ಒಪ್ಪಿದರು. ಇಬ್ಬರಿಗೂ ನೋವಾಯಿತು. ಆಂಧ್ರದ ನಂದ್ಯಾಲದ ಕಡೆಯ ಆಂಗ್ಲಿಕನ್ನರಲ್ಲಿ ಎಷ್ಟೋ ಜನ ಹೊರಗೇ ಉಳಿದರು.

ಇಪ್ಪತ್ತೆಂಟು ವರ್ಷ ಹಿಡಿಯಿತು. 1945ರ ಜನವರಿ 1ರಂದು ತೀರಿಕೊಂಡ ಅಜರಾಯರಿಗೆ ಅದನ್ನು ನೋಡುವ ಭಾಗ್ಯ ಇರಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕಥೆಡ್ರಲ್‌ನಲ್ಲಿ ಸಭೆಗಳು ಒಂದಾದವು. ಸ್ವಾತಂತ್ರ್ಯ ಬಂದು ಒಂದೂವರೆ ತಿಂಗಳಾಗಿತ್ತು. ಉತ್ತರದಲ್ಲಿ ದೇಶ ಹೋಳಾಗಿ ರಕ್ತ ಹರಿಯುತ್ತಿದ್ದ ದಿನಗಳು ಅವು.

ತನ್ನನ್ನು ಸೆರೆಹಿಡಿದ ರಾತ್ರಿ ಯೇಸು ಮಾಡಿದ ಪ್ರಾರ್ಥನೆಯಲ್ಲಿ, ಇವರೆಲ್ಲರೂ ಒಂದಾಗಿರಲಿ ಎಂದು ಬೇಡಿದ್ದಾನೆ. ಯೋಹಾನನ ಸುವಾರ್ತೆಯ 17ನೇ ಅಧ್ಯಾಯ. ಸಿಎಸ್‌ಐ ಲಾಂಛನದ ಮೇಲೂ ಅದೇ ಮಾತಿದೆ. ನನಗೆ ಅದು ಕೈಗೆ ಸಿಗುವುದು ಪವಿತ್ರ ಸಂಸ್ಕಾರದ ದಿನ, ಸಮಾಧಾನ ಹಂಚುವಾಗ. 1950ರಲ್ಲಿ ಹೊಸ ಸಭೆ ತನ್ನದೇ ಆರಾಧನಾ ಕ್ರಮ ಮಾಡಿಕೊಂಡಾಗ ಸೇರಿಸಿದ ಪದ್ಧತಿ ಅದು. ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗಬೇಕು, ಎಡಗೈಯಿಂದ ಇಬ್ಬರೂ ಒಬ್ಬರ ಕೈಯನ್ನೊಬ್ಬರು ಮುಚ್ಚಬೇಕು. ಮೇಜಿನ ಹತ್ತಿರದಿಂದ ಹೊರಟು ಬೆಂಚು ಬೆಂಚು ದಾಟಿ ಹಿಂದಿನವರೆಗೆ ಬರುತ್ತದೆ. ನನಗೆ ಕೊಡುವ ಕೈ ಹೆಚ್ಚಾಗಿ ಒಬ್ಬ ನಿವೃತ್ತ ನರ್ಸ್ ಅವರದು. ಬೆರಳು ಸೊಟ್ಟಗಾಗಿವೆ, ಹಿಡಿತ ಮಾತ್ರ ಗಟ್ಟಿ. ಪಕ್ಕದವರ ಜೊತೆ ಮುನಿಸಿದ್ದರೆ ಆ ಒಂದು ನಿಮಿಷ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಆದರೂ ಹಾಡಿನ ಪುಸ್ತಕ ನೋಡುತ್ತಾ ತಪ್ಪಿಸಿಕೊಳ್ಳುವವರು ಇದ್ದಾರೆ ಅನ್ನಿ! ಒಂದಾದ ಸಭೆಯಲ್ಲೂ ಜಾತಿ ಕೇಳುವವರಿದ್ದಾರೆ, ಆಸ್ತಿಗಾಗಿ ಕೋರ್ಟು ಹತ್ತಿದವರಿದ್ದಾರೆ. ಆ ಪ್ರಾರ್ಥನೆ ಇನ್ನೂ ಪೂರ್ತಿ ನೆರವೇರಿಲ್ಲ.

ಕ್ಯಾಥೊಲಿಕ್ಕರ ಸೇಂಟ್ ಫಿಲೋಮಿನಾ ಚರ್ಚಿನಲ್ಲಿ ಗೆಳತಿಯ ಮದುವೆಗೆ ಹೋಗಿದ್ದೆ. ಪ್ರಸಾದ ಕೊಡುವಾಗ ಕೂತಲ್ಲೇ ಕೂತಿದ್ದೆ. ಬೇರೆ ಸಭೆಯವರಿಗೆ ಅದನ್ನು ಕೊಡುವುದಿಲ್ಲ, ಅವರ ನಿಯಮ ಹಾಗಿದೆ, ನನಗೆ ಗೊತ್ತು. ಗೊತ್ತಿದ್ದರೂ ಎಲ್ಲರೂ ಎದ್ದು ಸಾಲಿಗೆ ಹೋದಾಗ ಬೆಂಚಿನಲ್ಲಿ ಒಬ್ಬಳೇ ಉಳಿಯುವುದು ಸಂಕಟವೇ. ಬೇಗ ಬಗೆಹರಿಯುವ ವಿಷಯ ಅದಲ್ಲ. ಮೇಲುಮೇಲಕ್ಕೆ "ಎಲ್ಲ ಒಂದೇ" ಎಂದು ಹೇಳಿಬಿಡುವುದಕ್ಕಿಂತ ಆ ಸಂಕಟವನ್ನು ದೇವರ ಮುಂದೆ ಇಟ್ಟುಕೊಂಡು ಕಾಯುವುದೇ ಮೇಲು ಅನ್ನಿಸುತ್ತದೆ ನನಗೆ.

ಅಷ್ಟರಲ್ಲಿ ಒಟ್ಟಿಗೆ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಮಾರ್ಚ್ ತಿಂಗಳ ಮೊದಲ ಶುಕ್ರವಾರ ಮಹಿಳೆಯರ ವಿಶ್ವ ಪ್ರಾರ್ಥನಾ ದಿನ. ಪ್ರತಿ ವರ್ಷ ಒಂದೊಂದು ದೇಶದ ಹೆಂಗಸರು ಪ್ರಾರ್ಥನೆ ಬರೆದು ಕಳಿಸುತ್ತಾರೆ, ಲೋಕವೆಲ್ಲ ಅದನ್ನೇ ಓದುತ್ತದೆ. ಕ್ಯಾಥೊಲಿಕ್ಕರು, ಮಾರ್ತೋಮ, ಸಾಲ್ವೇಷನ್ ಆರ್ಮಿ, ನಾವು, ಎಲ್ಲರೂ ಸೇರುತ್ತೇವೆ. ಈ ಸಲ ಆತಿಥ್ಯ ನಮ್ಮ ಸಭೆಯದು. ಮೊನ್ನೆ ಸಂಘದಲ್ಲಿ ತಿಂಡಿಯದೇ ಚರ್ಚೆ. ಒಬ್ಬರು ಚಿಕನ್ ಪಫ್ ಅಂದರು. "ಅಯ್ಯೋ, ಕ್ಯಾಥೊಲಿಕ್ಕರಿಗೆ ತಪಸ್ಸು ಕಾಲ ಕಣ್ರೀ, ಶುಕ್ರವಾರ ಬೇರೆ, ಮಾಂಸ ಮುಟ್ಟಲ್ಲ" ಎಂದು ಇನ್ನೊಬ್ಬರು. "ಹಾಗಾದ್ರೆ ಅವರಿಗೆ ಬೇರೆ ಮಾಡೋಣ" ಅಂದವರೂ ಇದ್ದರು. ಊಟದ ಜಗಳಕ್ಕೆಂದೇ ಪೌಲ ರೋಮಾಪುರದವರಿಗೆ ಒಂದು ಇಡೀ ಅಧ್ಯಾಯ ಬರೆದಿದ್ದಾನಲ್ಲ, ಅದನ್ನು ಅಯ್ಯನವರು ಬಾಯಿಬಿಟ್ಟು ಹೇಳಲಿಲ್ಲ, ಸುಮ್ಮನೆ ನಕ್ಕರು. ಅರ್ಧ ಗಂಟೆ ಆದ ಮೇಲೆ ಎಲ್ಲರಿಗೂ ಒಂದೇ, ತರಕಾರಿ ಪಫ್ ಎಂದು ತೀರ್ಮಾನವಾಯಿತು. ಬೇಕರಿಗೆ ಎಷ್ಟು ಹೇಳಬೇಕು ಎನ್ನುವ ಲೆಕ್ಕ ನನ್ನ ಪಾಲಿಗೆ ಬಂದಿದೆ. ಸಾಲ್ವೇಷನ್ ಆರ್ಮಿಯವರು ಎಷ್ಟು ಜನ ಬರುತ್ತಾರೋ, ಇನ್ನೂ ಫೋನ್ ಮಾಡಿ ಕೇಳಬೇಕು.